ಅಮೀಬಾದ ಕತ್ತರಿ, ರಕ್ತದ ಸಾಕ್ಷಿ

ಹೋದ ತಿಂಗಳು ನಮ್ಮೂರ ಲೈಬ್ರರಿ ಮಹಡಿ ಮೇಲೆ, ಅಮೀಬಾ ನಮ್ಮ ಕರುಳನ್ನ ಹೇಗೆ ಕೊರೆಯುತ್ತೆ, ಅದಕ್ಕೆ ರಕ್ತ ಹೇಗೆ ಸಾಕ್ಷಿ ಹೇಳುತ್ತೆ ಅಂತ ಒಂದು ಗಂಟೆ ಮಾತಾಡಿದ್ದೆ. ರೆಕಾರ್ಡ್ ಮಾಡೋಕೆ ಬಂದ ಹುಡುಗ ಫೋನನ್ನ ಟೇಬಲ್ ಫ್ಯಾನ್ ಪಕ್ಕ ಇಟ್ಟುಬಿಟ್ಟಿದ್ದ, ಅರ್ಧ ಭಾಷಣ ಬರೀ ಗರಗರ. ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಅದಕ್ಕೆ ನೆನಪಿದ್ದಷ್ಟು ಕೂತು ಟೈಪ್ ಮಾಡಿದೀನಿ. ಅಲ್ಲಿ ಅವಸರದಲ್ಲಿ ಹಾರಿಸಿದ್ದ ಒಂದೆರಡು ವಿಷಯ ಇಲ್ಲಿ ಸೇರಿಸಿದೀನಿ, ಒಂದೆರಡು ಜೋಕ್ ತೆಗೆದಿದೀನಿ, ಅವು ಅಲ್ಲೂ ಅಷ್ಟೇನು ನಗಿಸಿರಲಿಲ್ಲ ಬಿಡಿ.

ಶುರುಮಾಡೋ ಮುಂಚೆ ಒಂದು ಪ್ರಶ್ನೆ ಕೇಳಿದೆ. ಇಲ್ಲಿ ಯಾರಿಗೆಲ್ಲ ಅಮೀಬಿಯಾಸಿಸ್, ಅಂದ್ರೆ ಅಮೀಬಾದಿಂದ ಬರೋ ಹೊಟ್ಟೆ ಕಾಯಿಲೆ, ಆಗಿತ್ತು, ಕೈ ಎತ್ತಿ. ಮುಕ್ಕಾಲು ಹಾಲ್ ಕೈ ಎತ್ತಿತು. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜ ಎರಡೂ ಕೈ ಎತ್ತಿದ್ರು. ಹೇಗೆ ಗೊತ್ತಾಯ್ತು ಅಂದ್ರೆ ಎಲ್ಲರದ್ದೂ ಒಂದೇ ಉತ್ತರ, ಮೋಷನ್ ಟೆಸ್ಟ್ ಮಾಡಿಸಿದ್ವಿ, ಸಿಸ್ಟ್, ಅಂದ್ರೆ ಗಟ್ಟಿ ಕವಚದೊಳಗೆ ಮುದುಡಿದ ಅಮೀಬಾ, ಇದೆ ಅಂತ ಬಂತು, ಮಾತ್ರೆ ಕೊಟ್ರು, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಆಯ್ತು. ಸರಿ. ನಾನು ಹೇಳಿದ್ದು ಇಷ್ಟೇ, ಕೈ ಎತ್ತಿದವರಲ್ಲಿ ಬಹಳಷ್ಟು ಜನಕ್ಕೆ ಆ ಕಾಯಿಲೆ ಬಂದೇ ಇರಲಿಕ್ಕಿಲ್ಲ. ಹಾಲ್‌ನಲ್ಲಿ ಗುಸುಗುಸು ಶುರುವಾಯ್ತು.

ವಿಷಯ ಏನು ಅಂದ್ರೆ ನಮ್ಮ ಕರುಳಲ್ಲಿ ಎರಡು ಅಮೀಬಾಗಳು ಅವಳಿ ಜವಳಿ ತರ ಇವೆ. ಒಂದು ಎಂಟಮೀಬಾ ಹಿಸ್ಟೋಲಿಟಿಕಾ, ಇನ್ನೊಂದು ಎಂಟಮೀಬಾ ಡಿಸ್ಪಾರ್. ಎರಡರ ಸಿಸ್ಟೂ ಗುಂಡಗೆ, ಒಂದು ಮಿಲಿಮೀಟರ್ ಒಳಗೆ ಎಂಬತ್ತನ್ನ ಸಾಲಾಗಿ ನಿಲ್ಲಿಸಬಹುದು ಅಷ್ಟು ಚಿಕ್ಕದು, ಬಲಿತರೆ ಎರಡರಲ್ಲೂ ನಾಲ್ಕು ನ್ಯೂಕ್ಲಿಯಸ್ಸು. ಮೈಕ್ರೋಸ್ಕೋಪ್ ಕೆಳಗೆ ಎಷ್ಟು ಹೊತ್ತು ನೋಡಿದ್ರೂ ಯಾವುದು ಯಾವುದು ಅಂತ ಹೇಳೋಕಾಗಲ್ಲ, ನಾನೇ ವರ್ಷಗಟ್ಟಲೆ ನೋಡಿದೀನಿ, ಆಗಲ್ಲ. ಆದ್ರೆ ಡಿಸ್ಪಾರ್ ಪಾಪದ್ದು, ಕರುಳಲ್ಲಿ ಬ್ಯಾಕ್ಟೀರಿಯಾ ತಿಂದ್ಕೊಂಡು ಇರುತ್ತೆ, ಯಾರ ತಂಟೆಗೂ ಹೋಗಲ್ಲ. ಹಿಸ್ಟೋಲಿಟಿಕಾ ಮಾತ್ರ ಮಾಂಸಕ್ಕೆ ಕೈ ಹಾಕುತ್ತೆ. ಹೆಸರಿನ ಅರ್ಥವೇ ಅಂಗಾಂಶ ಕರಗಿಸೋದು ಅಂತ, 1903ರಲ್ಲಿ ಫ್ರಿಟ್ಜ್ ಶೌಡಿನ್ ಅನ್ನೋ ಜರ್ಮನ್ ವಿಜ್ಞಾನಿ ಇಟ್ಟಿದ್ದು. ಅದಕ್ಕೂ ಮುಂಚೆ 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲ್ಯೋಶ್ ಅನ್ನೋ ಡಾಕ್ಟರು ಆಮಶಂಕೆಯಿಂದ ನರಳ್ತಿದ್ದ ಒಬ್ಬ ರೈತನ ಮಲದಲ್ಲಿ ಈ ಪ್ರಾಣಿ ಹರಿದಾಡೋದನ್ನ ನೋಡಿ ಬರೆದಿದ್ದರು. ಎಲ್ಲರೂ ಇದನ್ನ ಬಿಸಿಲು ದೇಶದ ಕಾಯಿಲೆ ಅಂತಾರೆ, ಮೊದಲು ಸಿಕ್ಕಿದ್ದು ನೋಡಿದ್ರೆ ರಷ್ಯಾದ ಚಳೀಲಿ.

ಎರಡೂ ಬೇರೆ ಬೇರೆ ಜಾತಿ ಅಂತ ಬ್ರುಂಪ್ಟ್ ಅನ್ನೋ ಫ್ರೆಂಚ್ ವಿಜ್ಞಾನಿ 1925ರಲ್ಲೇ ಹೇಳಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೂರ್ತಿ ಒಪ್ಪಿಕೊಂಡಿದ್ದು 1993ರಲ್ಲಿ. ನಡುವೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ. ಆ ಒಪ್ಪಿಗೆ ಸಿಗೋಕೆ ಕಾರಣ ಆಗಿದ್ದೇ ಎಂಜೈಮ್‌ಗಳು, ಅಂದ್ರೆ ಜೀವಕೋಶದ ರಾಸಾಯನಿಕ ಕೆಲಸ ಮಾಡೋ ಪ್ರೋಟೀನ್‌ಗಳು, ನನ್ನ ವಿಷಯ ಇಲ್ಲಿಂದ ಶುರು.

1978ರಲ್ಲಿ ಲಂಡನ್ನಿನ ಸಾರ್ಜಂಟ್ ಮತ್ತು ವಿಲಿಯಮ್ಸ್ ಅನ್ನೋರು ಒಂದು ಕೆಲಸ ಮಾಡಿದ್ರು. ಬೇರೆ ಬೇರೆ ಜನರಿಂದ ಅಮೀಬಾ ತಗೊಂಡು ಬೆಳೆಸಿ, ಜಜ್ಜಿ, ಅದರೊಳಗಿನ ಎಂಜೈಮ್‌ಗಳನ್ನ ಸ್ಟಾರ್ಚಿನ ಜೆಲ್ ಮೇಲೆ ಕರೆಂಟ್ ಕೊಟ್ಟು ಓಡಿಸಿದ್ರು. ಹೆಕ್ಸೋಕೈನೇಸ್ ತರದ ಸಾಮಾನ್ಯ ಎಂಜೈಮ್‌ಗಳು, ಸಕ್ಕರೆ ಕರಗಿಸೋ ದಿನನಿತ್ಯದ ಕೆಲಸದವು. ಆ ಎಂಜೈಮ್ ಜೆಲ್ಲಲ್ಲಿ ಎಷ್ಟು ದೂರ ಓಡುತ್ತೆ ಅನ್ನೋದು ಕಾಯಿಲೆ ಆದವರ ಅಮೀಬಾದಲ್ಲಿ ಒಂದು ತರ, ಆರೋಗ್ಯವಾಗಿ ಓಡಾಡಿಕೊಂಡಿರೋರ ಅಮೀಬಾದಲ್ಲಿ ಹೆಚ್ಚಾಗಿ ಇನ್ನೊಂದು ತರ. ನೋಡೋಕೆ ಒಂದೇ, ಒಳಗಿನ ಸಾಮಾನು ಬೇರೆ. ಈ ಪಟ್ಟೆಗಳ ಗುಂಪಿಗೆ ಝೈಮೋಡೀಮ್ ಅಂತ ಹೆಸರಿಟ್ರು.

ಆಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜ್ಯಾಕ್ಸನ್, ಗತಿರಾಮ್, ಸಿಮ್ಜೀ ಸೇರಿಕೊಂಡು ಇದನ್ನ ರಕ್ತಕ್ಕೆ ಜೋಡಿಸಿದ್ರು, 1985ರಲ್ಲಿ. ಯಾರ ಹೊಟ್ಟೇಲಿ ಯಾವ ಝೈಮೋಡೀಮ್ ಇದೆ, ಅವರ ರಕ್ತದಲ್ಲಿ ಅಮೀಬಾ ವಿರುದ್ಧ ಆಂಟಿಬಾಡಿ, ಅಂದ್ರೆ ರೋಗಾಣುವನ್ನ ಗುರುತಿಸಿ ಹಿಡಿಯೋಕೆ ದೇಹ ಮಾಡೋ ಪ್ರೋಟೀನ್, ಇದ್ಯಾ ಅಂತ ಹೊಂದಿಸಿ ನೋಡಿದ್ರು. ಕೆಟ್ಟ ಗುಂಪಿನ ಅಮೀಬಾ ಇದ್ದವರಲ್ಲಿ, ಅವರಿಗೆ ಹೊಟ್ಟೆನೋವು ಕೂಡ ಇಲ್ಲದಿದ್ರೂ, ಆಂಟಿಬಾಡಿ ಇತ್ತು. ಒಳ್ಳೆ ಗುಂಪಿನದು ಇದ್ದವರ ರಕ್ತ ಬಹುಪಾಲು ಖಾಲಿ. ಅಂದ್ರೆ ಮೈಕ್ರೋಸ್ಕೋಪ್ ಗುರುತಿಸೋಕಾಗದ್ದನ್ನ ನಮ್ಮ ರಕ್ತ ಗುರುತಿಸಿಟ್ಟಿತ್ತು! ಅದೇ ಡರ್ಬನ್ನಲ್ಲಿ ಕೆಟ್ಟ ಗುಂಪಿನ ಅಮೀಬಾ ಇದ್ದೂ ಏನೂ ತೊಂದರೆ ಇಲ್ಲದ 20 ಜನರನ್ನ ಒಂದು ವರ್ಷ ಗಮನಿಸಿದ್ರು, ಕಾಯಿಲೆ ಬಿದ್ದಿದ್ದು ಇಬ್ಬರು, ಉಳಿದ 18 ಜನರಲ್ಲಿ ಅದು ತಾನಾಗೇ ಹೋಯ್ತು. ಹಿಸ್ಟೋಲಿಟಿಕಾನೇ ಇದ್ರೂ ಎಲ್ಲರನ್ನೂ ಕೆಡವಲ್ಲ ಅಂತಾಯ್ತು.

ಡಿಸ್ಪಾರ್‌ಗೆ ಯಾಕೆ ಆಂಟಿಬಾಡಿ ಅಷ್ಟಾಗಿ ಬರಲ್ಲ? ಅದು ಬಾಗಿಲ ಹೊರಗೇ ಇರುತ್ತೆ. ಕರುಳಿನ ಒಳಗಿನ ಪೈಪು ಅನ್ನೋದು ಒಂದು ರೀತಿ ದೇಹದ ಹೊರಗಡೆಯೇ, ಬೀದಿ ಇದ್ದ ಹಾಗೆ. ಬೀದೀಲಿ ಓಡಾಡೋರನ್ನೆಲ್ಲ ಮನೆಯವರು ಹೆಸರು ಬರೆದಿಟ್ಕೊಳ್ಳಲ್ಲ. ಹಿಸ್ಟೋಲಿಟಿಕಾ ಗೋಡೆ ಕೊರೆದು ಒಳಗೆ ಬರುತ್ತೆ, ಕೊರೆಯೋಕೆ ಸಾಮಾನು ತರುತ್ತೆ, ಆ ಸಾಮಾನು ರಕ್ತದ ಕಣ್ಣಿಗೆ ಬೀಳುತ್ತೆ. ಆ ಸಾಮಾನೇ ಎಂಜೈಮ್.

ಇಲ್ಲಿ ನಾನು ಚೀಲದಿಂದ ಒಂದು ಪರಂಗಿಕಾಯಿ ತೆಗೆದು ಮೇಜಿನ ಮೇಲೆ ಇಟ್ಟೆ. ಚಾಕೂಲಿ ಸಿಪ್ಪೆ ಗೀರಿದ್ರೆ ಬಿಳಿ ಹಾಲು ಬರುತ್ತಲ್ಲ, ಮಟನ್ ಬೇಗ ಬೇಯ್ಲಿ ಅಂತ ಮಸಾಲೆಗೆ ಎರಡು ಹೋಳು ಪರಂಗಿಕಾಯಿ ಅರೆದು ಹಾಕ್ತಾರಲ್ಲ, ಅದು ಯಾಕೆ ಕೆಲಸ ಮಾಡುತ್ತೆ ಅಂದ್ರೆ ಆ ಹಾಲಲ್ಲಿ ಪಪೈನ್ ಅನ್ನೋ ಎಂಜೈಮ್ ಇದೆ, ಅದು ಪ್ರೋಟೀನ್ ಕತ್ತರಿಸುತ್ತೆ. ಕತ್ತರಿಯ ಅಲಗಿನ ಜಾಗದಲ್ಲಿ ಸಿಸ್ಟೀನ್ ಅನ್ನೋ ಅಮೈನೋ ಆಸಿಡ್ ಕೂತಿರುತ್ತೆ, ಹಾಗಾಗಿ ಈ ಜಾತಿಗೆ ಸಿಸ್ಟೀನ್ ಪ್ರೋಟೀನೇಸ್ ಅಂತ ಹೆಸರು. ಅಮೀಬಾದ ಹತ್ರ ಇರೋ ಮುಖ್ಯ ಕತ್ತರಿಗಳೂ ಇದೇ ಪಪೈನ್ ಕುಟುಂಬದವು. ನಮ್ಮ ಹಿತ್ತಲಿನ ಪರಂಗಿ ಗಿಡಕ್ಕೂ ಕರುಳು ಕೊರೆಯೋ ಅಮೀಬಾಗೂ ಒಂದೇ ವಂಶದ ಕತ್ತರಿ. 2005ರಲ್ಲಿ ಅಮೀಬಾದ ಜೀನೋಮ್ ಪೂರ್ತಿ ಓದಿದಾಗ ಇಂಥ ಕತ್ತರಿಗಳ ಜೀನ್‌ಗಳು ಹತ್ತಾರು ಸಿಕ್ಕವು, ಆದ್ರೆ ಲ್ಯಾಬಲ್ಲಿ ಬೆಳೆಸಿದ ಅಮೀಬಾದಲ್ಲಿ ಹೆಚ್ಚುಕಮ್ಮಿ ಎಲ್ಲ ಕೆಲಸ ಮಾಡೋದು ಮೂರೇ, ಸಿಪಿ-1, ಸಿಪಿ-2, ಸಿಪಿ-5, ಸಿಪಿ ಅಂದ್ರೆ ಸಿಸ್ಟೀನ್ ಪ್ರೋಟೀನೇಸ್. ಅದರಲ್ಲಿ ಸಿಪಿ-5 ಅಮೀಬಾದ ಮೈಮೇಲೆಯೂ ಅಂಟಿಕೊಂಡಿರುತ್ತೆ. ಡಿಸ್ಪಾರ್‌ನಲ್ಲಿ ಕೆಲಸ ಮಾಡೋ ಸಿಪಿ-5 ಇಲ್ಲ, ಜೀನ್ ಇದ್ದ ಜಾಗದಲ್ಲಿ ಹಾಳುಬಿದ್ದ ತುಣುಕು ಮಾತ್ರ. ಅವಳಿಗಳಲ್ಲಿ ಒಬ್ಬನ ಕೈಲಿ ಕತ್ತರಿ, ಇನ್ನೊಬ್ಬನ ಕೈ ಖಾಲಿ. ಪೂರ್ತಿ ವ್ಯತ್ಯಾಸ ಇಷ್ಟೇ ಅಂತ ನಾನು ಹೇಳಲ್ಲ, ಆದ್ರೆ ಇದು ದೊಡ್ಡ ವ್ಯತ್ಯಾಸ.

ಕತ್ತರಿ ಮೊದಲು ಏನು ಕತ್ತರಿಸುತ್ತೆ? ಕರುಳಿನ ಒಳಗೋಡೆ ಮೇಲೆ ಲೋಳೆ ಇರುತ್ತಲ್ಲ, ಬೆಂಡೆಕಾಯಿ ಲೋಳೆ ತರ, ಅದು ಬರೀ ಗಲೀಜಲ್ಲ, ಅದೇ ಕಾಂಪೌಂಡ್. ಅದರ ಬಲೆ ಹೆಣೆದಿರೋದು ಎಂಯುಸಿ-2 ಅನ್ನೋ ಪ್ರೋಟೀನಿನಿಂದ. ಸಿಪಿ-5 ಆ ಬಲೆಯ ಗಂಟು ಬಿಚ್ಚಿ ಲೋಳೆಯನ್ನ ನೀರು ಮಾಡುತ್ತೆ. ಆಮೇಲೆ ಜೀವಕೋಶಗಳ ನಡುವಿನ ಗಾರೆ. ಒಳಗೆ ಹೋಗಿ ಅಡ್ಡಡ್ಡ ಹರಡಿಕೊಳ್ಳುತ್ತೆ, ಹಾಗಾಗಿ ಆ ಹುಣ್ಣು ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು, ತಂಬಿಗೆ ಆಕಾರ. ಅಲ್ಲಿಂದ ರಕ್ತನಾಳ ಸಿಕ್ಕಿದ್ರೆ ಸೀದಾ ಲಿವರ್. ಇಸ್ರೇಲಿನ ವೈಜ್ಮನ್ ಇನ್‌ಸ್ಟಿಟ್ಯೂಟಿನವರು ಈ ಕತ್ತರಿಗಳನ್ನ ಬಹುತೇಕ ಸುಮ್ಮನಾಗಿಸಿದ ಅಮೀಬಾ ತಯಾರು ಮಾಡಿ ಹ್ಯಾಮ್‌ಸ್ಟರ್ ಅನ್ನೋ ಇಲಿ ತರದ ಪ್ರಾಣಿಗಳ ಲಿವರಿಗೆ ಹಾಕಿದ್ರು, ಬಾವು ಸರಿಯಾಗಿ ಆಗಲೇ ಇಲ್ಲ.

ಈಗ ಆಂಟಿಬಾಡಿ ಕಡೆ ಬರೋಣ. ಆಂಟಿಬಾಡಿ ಅಂದ್ರೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನ್ ಅಂತ ಕೋವಿಡ್ ಟೈಮಲ್ಲಿ ಎಲ್ಲರೂ ಟಿವೀಲಿ ನೋಡಿದೀರಿ. ಮೇಲಿನ ಎರಡು ಕೈ ಶತ್ರುವನ್ನ ಹಿಡಿಯುತ್ತೆ, ಕೆಳಗಿನ ಕಾಲು ಬಿಳಿ ರಕ್ತಕಣಗಳಿಗೆ ಹಿಡಿಕೆ, ಬನ್ನಿ ಇಲ್ಲಿದಾನೆ ಅಂತ ಕರೆಯೋಕೆ. ಕೈ ಕಾಲು ಸೇರೋ ಜಾಗದಲ್ಲಿ ಒಂದು ಕೀಲು ಇದೆ, ಬಾಗಿಲ ಕೀಲಿನ ಹಾಗೆ ಸಡಿಲ. ಈ ಆಕಾರ ನಮಗೆ ಹೇಗೆ ಗೊತ್ತಾಯ್ತು ಗೊತ್ತಾ? 1959ರಲ್ಲಿ ರಾಡ್ನಿ ಪೋರ್ಟರ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಮೊಲದ ಆಂಟಿಬಾಡಿ ತಗೊಂಡು ಅದಕ್ಕೆ ಪಪೈನ್ ಹಾಕಿದ, ಇದೇ ಪರಂಗಿ ಹಾಲಿನ ಪಪೈನ್. ಅದು ಸರಿಯಾಗಿ ಕೀಲಿನ ಹತ್ರ ಕತ್ತರಿಸಿ ಮೂರು ತುಂಡು ಮಾಡ್ತು, ಎರಡು ಕೈ ಒಂದು ಕಾಲು. ಆ ಕೆಲಸಕ್ಕೆ 1972ರಲ್ಲಿ ಎಡೆಲ್‌ಮನ್ ಜೊತೆ ನೊಬೆಲ್ ಬಂತು.

ಪೋರ್ಟರ್ ಲ್ಯಾಬಲ್ಲಿ ಮಾಡಿದ ಕೆಲಸಾನ ಅಮೀಬಾ ಅದಕ್ಕೂ ಎಷ್ಟೋ ಕಾಲದಿಂದ ನಮ್ಮ ಕರುಳಲ್ಲಿ ಮಾಡ್ತಾನೇ ಇತ್ತು. 1990ರ ದಶಕದಲ್ಲಿ ಬೇರೆ ಬೇರೆ ಗುಂಪುಗಳು ತೋರಿಸಿದ್ದು ಇದನ್ನೇ, ಅಮೀಬಾದ ಸಿಸ್ಟೀನ್ ಪ್ರೋಟೀನೇಸ್‌ಗಳು ರಕ್ತದ ಆಂಟಿಬಾಡಿ ಐಜಿಜಿಯನ್ನೂ ಕತ್ತರಿಸುತ್ತವೆ, ಕರುಳಿನ ಲೋಳೆಯಲ್ಲಿರೋ ಐಜಿಎಯನ್ನೂ ಕತ್ತರಿಸುತ್ತವೆ. ಕಾಲು ಹೋದ ಆಂಟಿಬಾಡಿ ಅಮೀಬಾನ ಹಿಡ್ಕೊಂಡಿದ್ರೂ ಯಾರನ್ನೂ ಕರೆಯೋಕಾಗಲ್ಲ. ಈಗ ಪರಿಸ್ಥಿತಿ ನೋಡಿ, ಕಳ್ಳ ಕತ್ತರಿ ತಂದ, ನಾವು ಕತ್ತರಿ ಮೇಲೆ ಕಂಪ್ಲೇಂಟ್ ಬರೆದ್ವಿ, ಕಳ್ಳ ಅದೇ ಕತ್ತರೀಲಿ ಕಂಪ್ಲೇಂಟ್ ಕಾಗದಾನೇ ಕತ್ತರಿಸಿದ. ಹಾಲ್‌ನಲ್ಲಿ ನಗು ಬಂತು, ಆದ್ರೆ ನಾನು ಜೋಕಿಗೆ ಹೇಳಿದ್ದಲ್ಲ.

ಆದ್ರೂ ಕಂಪ್ಲೇಂಟ್ ಕಾಪಿ ಉಳಿಯುತ್ತೆ. ಯಾಕಂದ್ರೆ ಕತ್ತರಿ ಇರೋದು ಹುಣ್ಣಿನ ಜಾಗದಲ್ಲಿ, ಅಲ್ಲಿ ಆಂಟಿಬಾಡಿ ಹಾಳಾದ್ರೂ ದೇಹದ ಬೇರೆ ಕಡೆ ರಕ್ತದಲ್ಲಿ ಅದು ಧಂಡಿಯಾಗಿ ಓಡಾಡ್ತಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಶರನ್ ರೀಡ್ ಮತ್ತು ಜೊತೆಗಾರರು 1989ರಲ್ಲಿ ಈ ಪ್ರೋಟೀನೇಸ್ ಹಿಡಿದು ನೋಡಿದಾಗ, ಅಮೀಬಾ ಮೈಯೊಳಗೆ ನುಗ್ಗಿದ ರೋಗಿಗಳ ಸೀರಮ್ಮಿನಲ್ಲಿ, ಅಂದ್ರೆ ಹೆಪ್ಪುಗಟ್ಟಿದ ರಕ್ತದ ಮೇಲಿನ ತಿಳಿಯಲ್ಲಿ, ಅದರ ವಿರುದ್ಧ ಆಂಟಿಬಾಡಿ ಸಿಕ್ಕಿತು. ನನಗೆ ಇದರಲ್ಲಿ ಇಷ್ಟ ಆಗೋದು ಅದರ ಅರ್ಥ. ಎಂಜೈಮ್ ವಿರುದ್ಧ ಆಂಟಿಬಾಡಿ ಇದೆ ಅಂದ್ರೆ ಆ ಎಂಜೈಮ್ ಲ್ಯಾಬಿನ ಗಾಜಿನ ಟ್ಯೂಬಲ್ಲಿ ಅಲ್ಲ, ಈ ಮನುಷ್ಯನ ಮೈಯೊಳಗೆ ಹೊರಬಿದ್ದಿತ್ತು, ರಕ್ತ ಅದನ್ನ ಮುಟ್ಟಿ ನೋಡಿತ್ತು ಅಂತ. ಸಾಕ್ಷಿ ಅದು. ಗುರಾಣಿ ಅಲ್ಲ. ಅವತ್ತು ಇದನ್ನ ಮೂರು ಸಲ ಹೇಳಿದೆ ಅನ್ಸುತ್ತೆ, ಯಾಕಂದ್ರೆ ಆಂಟಿಬಾಡಿ ಅಂದ ಕೂಡಲೇ ಎಲ್ಲರೂ ರಕ್ಷಣೆ ಅಂತಾನೇ ಕೇಳಿಸ್ಕೊಳ್ತಾರೆ. ಆಂಟಿಬಾಡಿ ಕತ್ತರಿಯ ಹಿಡಿಕೆಗೆ ಅಂಟಿಕೊಂಡ್ರೆ ಅಲಗು ಹಾಗೇ ಓಡ್ತಾ ಇರುತ್ತೆ, ಅಂಟಿದ ಮಾತ್ರಕ್ಕೆ ಕತ್ತರಿ ನಿಲ್ಲಬೇಕು ಅಂತ ಏನಿಲ್ಲ.

ಲ್ಯಾಬಿನ ಕಷ್ಟ ಒಂದು ಹೇಳ್ತೀನಿ, ಇದು ಪುಸ್ತಕದಲ್ಲಿ ಒಂದು ಸಾಲಲ್ಲಿ ಮುಗಿಯುತ್ತೆ, ಮಾಡೋರಿಗೆ ಮಾತ್ರ ಗೊತ್ತು. ಆಂಟಿಬಾಡಿ ಟೆಸ್ಟ್ ಮಾಡೋಕೆ ಅಮೀಬಾನ ಜಜ್ಜಿ ಅದರ ಸಾರ ಬೇಕು. ಜಜ್ಜಿದ ತಕ್ಷಣ ಅದರೊಳಗಿನ ಕತ್ತರಿಗಳೆಲ್ಲ ಹೊರಗೆ ಬಂದು ಅದರದ್ದೇ ಉಳಿದ ಪ್ರೋಟೀನ್‌ಗಳನ್ನ ತಿನ್ನೋಕೆ ಶುರುಮಾಡುತ್ತೆ. ಐಸ್ ಮೇಲೆ ಇಟ್ಟು, ಇ-64 ಅಂತ ಒಂದು ತಡೆ ಹಾಕಬೇಕು, ಅದು ಒಂದು ಜಾತಿ ಬೂಷ್ಟಿನಿಂದ ಜಪಾನಿನವರು ತೆಗೆದ ಪದಾರ್ಥ, ಕತ್ತರಿಯ ಅಲಗಿಗೆ ಹೋಗಿ ಸಿಕ್ಕಿಕೊಂಡುಬಿಡುತ್ತೆ. ನಾನು ಹೊಸದಾಗಿ ಕೆಲಸ ಕಲಿಯೋವಾಗ ಒಂದ್ಸಲ ಅದನ್ನ ಹಾಕೋದು ಮರೆತು ಊಟಕ್ಕೆ ಹೋದೆ. ವಾಪಸ್ ಬಂದು ಜೆಲ್ ಓಡಿಸಿದ್ರೆ ಚೆಂದವಾಗಿ ಏಣಿ ಮೆಟ್ಟಿಲ ಹಾಗೆ ಕಾಣಬೇಕಿದ್ದ ಪಟ್ಟೆಗಳೆಲ್ಲ ಕೆಳಗೆ ಒಂದೇ ಕಲೆ, ಒದ್ದೆ ಬಟ್ಟೇಲಿ ಸ್ಲೇಟು ಒರೆಸಿದ ಹಾಗೆ. ಎರಡು ವಾರ ಬೆಳೆಸಿದ ಅಮೀಬಾ ಒಂದು ಊಟಕ್ಕೆ ಹೋಯ್ತು. ಅವತ್ತಿಂದ ಈ ಎಂಜೈಮ್ ಮೇಲೆ ನನಗೆ ಒಂಥರ ಮರ್ಯಾದೆ.

ಹಳೆ ಟೆಸ್ಟು ಇನ್ನೂ ಚೆಂದ ಇತ್ತು. ಕುರಿಯ ಕೆಂಪು ರಕ್ತಕಣಗಳಿಗೆ ಅಮೀಬಾ ಸಾರ ಅಂಟಿಸಿ ಗುಂಡಿಗಳಲ್ಲಿ ರೋಗಿಯ ಸೀರಮ್ ಜೊತೆ ಬಿಡೋದು. ಆಂಟಿಬಾಡಿ ಇಲ್ಲದಿದ್ರೆ ಕಣಗಳು ಜಾರಿ ನಡುವೆ ಒಂದು ಚುಕ್ಕಿ ಆಗಿ ಕೂರುತ್ತೆ, ಹಣೆಗೆ ಇಟ್ಟ ಕುಂಕುಮದ ಹಾಗೆ. ಆಂಟಿಬಾಡಿ ಇದ್ರೆ ಒಂದಕ್ಕೊಂದು ಹಿಡ್ಕೊಂಡು ತಳದ ತುಂಬ ಚಾಪೆ ಹಾಸಿದಂಗೆ ಹರಡುತ್ತೆ. ಆಮೇಲೆ ಆಂಟಿಬಾಡಿಯನ್ನ ಬಣ್ಣದಲ್ಲಿ ತೋರಿಸೋ ಎಲೈಸಾ ಟೆಸ್ಟ್ ಬಂತು, ತೊಂಬತ್ತಾರು ಗುಂಡಿಯ ತಟ್ಟೆ, ಪಾಸಿಟಿವ್ ಆದ್ರೆ ನೀಲಿ, ಆಸಿಡ್ ಹಾಕಿದ ಕೂಡಲೇ ಹಳದಿ. ಈಗ ಒಂದೊಂದೇ ಎಂಜೈಮಿನ ಜೀನನ್ನ ಬ್ಯಾಕ್ಟೀರಿಯಾಕ್ಕೆ ಹಾಕಿ, ಬರೀ ಆ ಎಂಜೈಮನ್ನ ಶುದ್ಧವಾಗಿ ತೆಗೆದು ತಟ್ಟೆಗೆ ಬಳಿಯಬಹುದು. ಇಡೀ ಅಮೀಬಾ ಸಾರಕ್ಕಿಂತ ಇದು ಪ್ರಶ್ನೆ ಸರಿಯಾಗಿ ಕೇಳಿದ ಹಾಗೆ.

ಈ ಸಾಕ್ಷಿ ಯಾರಿಗೆ ಬೇಕು ಅಂದ್ರೆ ಲಿವರ್ ಬಾವಿನವರಿಗೆ. ಆ ಕಾಯಿಲೇಲಿ ಒಂದು ವಿಚಿತ್ರ ಇದೆ. ಬಹಳ ರೋಗಿಗಳಿಗೆ ಭೇದಿ ಆದ ನೆನಪೇ ಇರಲ್ಲ. ಮಲದಲ್ಲಿ ನೋಡಿದ್ರೆ ಹೆಚ್ಚಿನವರಲ್ಲಿ ಅಮೀಬಾ ಸಿಗಲ್ಲ. ಸೂಜಿ ಹಾಕಿ ಕೀವು ತೆಗೆದ್ರೆ ಅದರಲ್ಲೂ ಹೆಚ್ಚಿನ ಸಲ ಸಿಗಲ್ಲ, ಯಾಕಂದ್ರೆ ಅಮೀಬಾ ಇರೋದು ಬಾವಿನ ಗೋಡೇಲಿ, ನಡುವಿನದು ಬರೀ ಕರಗಿದ ಲಿವರ್. ಅದನ್ನ ಕೀವು ಅನ್ನೋದೇ ತಪ್ಪು. ಪುಸ್ತಕಗಳು ಆಂಚೋವಿ ಸಾಸ್ ತರ ಇರುತ್ತೆ ಅಂತ ಬರೀತವೆ, ಮಂಗಳೂರು ಕಡೆಯವರಿಗೆ ಆ ಮೀನು ಗೊತ್ತಿರಬಹುದು, ಸಾಸ್ ಯಾರು ನೋಡಿದಾರೆ. ನಾನು ನೋಡಿದ ಪ್ರಕಾರ ರಾಗಿ ಅಂಬಲಿಗೆ ಗಟ್ಟಿ ಡಿಕಾಕ್ಷನ್ ಕಲಸಿದ ಹಾಗೆ ಇರುತ್ತೆ, ಅಂಥಾ ವಾಸನೆನೂ ಇರಲ್ಲ. ಕಳ್ಳ ಸಿಗಲ್ಲ, ಕದ್ದ ಮಾಲೂ ಸಿಗಲ್ಲ, ಉಳಿಯೋದು ರಕ್ತದ ಸಾಕ್ಷಿ ಮಾತ್ರ, ಬಾವು ಇರೋ ಹತ್ತರಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚಿನವರಲ್ಲಿ ಅದು ಸಿಗುತ್ತೆ.

ಆದ್ರೆ ಟೈಮ್ ಬೇಕು. ಒಬ್ಬರು ಗಾರೆ ಕೆಲಸದವರು ಬಂದಿದ್ರು, ಬಲಗಡೆ ಪಕ್ಕೆ ನೋವು, ಜ್ವರ, ಕೆಮ್ಮಿದ್ರೆ ಭುಜಕ್ಕೆ ಹೊಡೆಯುತ್ತೆ ಅಂತಿದ್ರು. ಸ್ಕ್ಯಾನಲ್ಲಿ ಲಿವರಿನ ಬಲಭಾಗದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಕಪ್ಪು ಗುಂಡಿ. ನೋವು ಶುರುವಾದ ಐದನೇ ದಿನ ಅವರ ರಕ್ತ ನಮ್ಮ ಲ್ಯಾಬಿಗೆ ಬಂತು, ನಾನು ಆಂಟಿಬಾಡಿ ಟೆಸ್ಟ್ ಮಾಡಿದೆ, ನೆಗೆಟಿವ್. ನೆಗೆಟಿವ್ ಅಂತ ಬರೆದು ಸೈನ್ ಹಾಕಿ ಕಳಿಸಿದೆ. ಮೊದಲ ವಾರದಲ್ಲಿ ಆಂಟಿಬಾಡಿ ಇನ್ನೂ ಎದ್ದಿರದೇ ಇರಬಹುದು, ಒಂದು ವಾರ ಬಿಟ್ಟು ಮತ್ತೆ ಕಳಿಸಿ ಅಂತ ಕೆಳಗೆ ಒಂದು ಸಾಲು ಬರೀಬೇಕಿತ್ತು, ಬರೀಲಿಲ್ಲ. ನೋಡ್ತಿದ್ದ ಡಾಕ್ಟರು ಅನುಭವಸ್ತರು, ನನ್ನ ಕಾಗದ ಪಕ್ಕಕ್ಕಿಟ್ಟು ಅಮೀಬಾ ಕೊಲ್ಲೋ ಔಷಧಿ ಮೆಟ್ರೋನಿಡಜೋಲ್ ಶುರು ಮಾಡಿದ್ರು, ಮೂರನೇ ದಿನಕ್ಕೆ ಜ್ವರ ಇಳೀತು. ಹತ್ತು ದಿನ ಬಿಟ್ಟು ಮತ್ತೆ ರಕ್ತ ಕಳಿಸಿದ್ರು, ಈ ಸಲ ತಟ್ಟೆಯ ಗುಂಡಿ ಕಡು ಹಳದಿ, ಪಾಸಿಟಿವ್. ಅವರು ನನಗೆ ಏನೂ ಅನ್ನಲಿಲ್ಲ, ಎರಡು ರಿಪೋರ್ಟನ್ನೂ ಒಂದರ ಪಕ್ಕ ಒಂದು ಪಿನ್ ಹಾಕಿ ವಾಪಸ್ ಕಳಿಸಿದ್ರು ಅಷ್ಟೇ. ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು.

ಇದರ ಉಲ್ಟಾ ತೊಂದರೆನೂ ಇದೆ. ಒಂದ್ಸಲ ಬಂದ ಆಂಟಿಬಾಡಿ ವರ್ಷಗಟ್ಟಲೆ ಹೋಗಲ್ಲ. ಮೆಕ್ಸಿಕೋದಲ್ಲಿ ದೇಶಾದ್ಯಂತ ಅರವತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದಾಗ ಸುಮಾರು 8% ಜನರಲ್ಲಿ ಸಿಕ್ಕಿತ್ತು, ಅವರೆಲ್ಲ ಅವತ್ತು ಕಾಯಿಲೆ ಮಲಗಿದ್ದವರಲ್ಲ. ನಮ್ಮಲ್ಲಿ ವೈಡಾಲ್ ಟೆಸ್ಟಿನ ಕಥೆ ಎಲ್ಲರಿಗೂ ಗೊತ್ತಲ್ಲ, ಜ್ವರ ಅಂತ ಹೋದ್ರೆ ವೈಡಾಲ್ ಪಾಸಿಟಿವ್, ಟೈಫಾಯ್ಡ್ ಅಂತ ಇಂಜೆಕ್ಷನ್, ಎಷ್ಟೋ ಸಲ ಅದು ಹಳೇ ಆಂಟಿಬಾಡಿ. ಇಲ್ಲೂ ಅದೇ. ಈ ಕಾಯಿಲೆ ಅಪರೂಪವಾಗಿರೋ ನಾರ್ವೆಯ ಓಸ್ಲೋದಲ್ಲಿ ಕೂತವನ ರಕ್ತದಲ್ಲಿ ಸಿಕ್ಕಿದ್ರೆ ಅದಕ್ಕೆ ತೂಕ ಜಾಸ್ತಿ, ಕಲ್ಕತ್ತಾದಲ್ಲೋ ಕಲಬುರಗಿಯಲ್ಲೋ ಇರೋರ ರಕ್ತದಲ್ಲಿ ಸಿಕ್ಕಿದ್ರೆ ಸ್ಕ್ಯಾನ್ ಏನು ಹೇಳುತ್ತೆ ಅಂತಾನೂ ಕೇಳಬೇಕು.

ಮಲೇಷ್ಯಾದ ಪೆನಾಂಗಿನ ಸೈನ್ಸ್ ಯೂನಿವರ್ಸಿಟಿಯವರು ಇನ್ನೊಂದು ಎಂಜೈಮ್ ಹಿಡಿದಿದಾರೆ, ಪಿಪಿಡಿಕೆ ಅಂತ, ಪೂರ್ತಿ ಹೆಸರು ಪೈರುವೇಟ್ ಫಾಸ್ಫೇಟ್ ಡೈಕೈನೇಸ್. ಲಿವರ್ ಬಾವಿನ ರೋಗಿಗಳ ಸೀರಮ್ ಇದನ್ನ ಚೆನ್ನಾಗಿ ಗುರುತಿಸುತ್ತೆ ಅಂತ ಕಂಡು, ಪ್ರೆಗ್ನೆನ್ಸಿ ಟೆಸ್ಟ್ ಪಟ್ಟಿ ತರದ ಪಟ್ಟಿ ಮಾಡೋಕೆ ಹೊರಟ್ರು. ಇದು ಕತ್ತರಿ ಅಲ್ಲ, ಅಡುಗೆಮನೆ ಎಂಜೈಮ್, ಅಮೀಬಾ ಸಕ್ಕರೆಯಿಂದ ಶಕ್ತಿ ತೆಗೆಯೋಕೆ ಬಳಸುತ್ತೆ. ಅಮೀಬಾಗೆ ನಮ್ಮ ತರ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಇಲ್ಲ, ಹಾಗಾಗಿ ಇಂಥಾ ಜುಗ್ಗ ಉಪಾಯಗಳು. ಮನುಷ್ಯರಲ್ಲಿ ಈ ಎಂಜೈಮ್ ಇಲ್ಲವೇ ಇಲ್ಲ, ಆದ್ರೆ ಮೆಕ್ಕೆಜೋಳದಲ್ಲಿ ಇದೆ, ಕಬ್ಬಲ್ಲಿ ಇದೆ, ಅದೇ ಬಗೆಯ ಬೆಳೆಯಾದ ನಮ್ಮ ರಾಗಿ ಎಲೆಯಲ್ಲೂ ಇದೆ, ಬಿಸಿಲಲ್ಲಿ ಜೋರಾಗಿ ಬೆಳೆಯೋ ಆ ಪೈರುಗಳು ಗಾಳಿಯ ಇಂಗಾಲ ಹಿಡಿಯೋಕೆ ಇದನ್ನ ಇಟ್ಕೊಂಡಿವೆ. ಒಳಗಿರೋ ಎಂಜೈಮ್ ರಕ್ತಕ್ಕೆ ಹೇಗೆ ಗೊತ್ತಾಯ್ತು ಅಂತ ಹಿಂದಿನ ಸಾಲಿಂದ ಒಬ್ಬ ಹುಡುಗಿ ಕೇಳಿದ್ಲು, ಅವತ್ತಿನ ಒಳ್ಳೆ ಪ್ರಶ್ನೆ ಅದು. ಬಾವಿನಲ್ಲಿ ಅಮೀಬಾಗಳೂ ಸಾಯುತ್ತವೆ, ಒಡೆದಾಗ ಒಳಗಿನ ಪಾತ್ರೆ ಪಗಡ ಎಲ್ಲ ಬೀದಿಗೆ ಬೀಳುತ್ತೆ. ಕತ್ತರಿ ಅದು ಬದುಕಿದ್ದಾಗಲೇ ಬೀಸಿದ್ದು, ಪಿಪಿಡಿಕೆ ಅದು ಸತ್ತಾಗಲೂ ಚೆಲ್ಲಿದ್ದು.

ಸರಿ, ಕಾಪಾಡೋ ಆಂಟಿಬಾಡಿ ಇಲ್ಲವೇ ಇಲ್ವಾ? ಇದಕ್ಕೆ ಢಾಕಾಗೆ ಹೋಗಬೇಕು. ಅಲ್ಲಿನ ಮೀರ್ಪುರ್ ಅನ್ನೋ ಬಡಾವಣೆಯ ಮಕ್ಕಳನ್ನ ರಶೀದುಲ್ ಹಕ್ ಮತ್ತು ಅಮೆರಿಕದ ವಿಲಿಯಂ ಪೆಟ್ರಿ ಜೊತೆಯವರು ವರ್ಷಗಟ್ಟಲೆ ಗಮನಿಸಿದ್ರು. ಅವರು ನೋಡಿದ್ದು ಎಂಜೈಮ್ ಅಲ್ಲ, ಅಮೀಬಾ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳೋಕೆ ಬಳಸೋ ಲೆಕ್ಟಿನ್ ಅನ್ನೋ ಅಂಟು. ಮಲದಲ್ಲಿ, ಅಂದ್ರೆ ಕರುಳಿನ ಲೋಳೆಯಲ್ಲಿ, ಆ ಅಂಟಿನ ವಿರುದ್ಧ ಐಜಿಎ ಇದ್ದ ಮಕ್ಕಳಿಗೆ ಮುಂದೆ ಸೋಂಕು ಕಮ್ಮಿ ಆಯ್ತು. ರಕ್ತದಲ್ಲಿ ಐಜಿಜಿ ಇದ್ದ ಮಕ್ಕಳಿಗೆ ಆ ರಕ್ಷಣೆ ಕಾಣಲಿಲ್ಲ. ಬೀದಿ ಬಾಗಿಲಲ್ಲಿ ನಿಂತ ಕಾವಲುಗಾರನಿಗೂ ಸ್ಟೇಷನ್ನಲ್ಲಿ ಕೂತು ಎಫ್‌ಐಆರ್ ಬರೆಯೋರಿಗೂ ಇರೋ ವ್ಯತ್ಯಾಸ.

ಒಳಗೆ ಬಂದಮೇಲೆ ಅಮೀಬಾನ ಆಂಟಿಬಾಡಿಯಿಂದ ಹಿಡಿಯೋದು ಕಷ್ಟ ಅನ್ನೋಕೆ ಕತ್ತರಿ ಒಂದೇ ಕಾರಣ ಅಲ್ಲ. ಮೈಮೇಲೆ ಆಂಟಿಬಾಡಿ ಅಂಟಿದ್ರೆ ಅದನ್ನೆಲ್ಲ ಗುಡಿಸಿ ಬೆನ್ನಹಿಂದೆ ಒಂದು ಮೂಲೆಗೆ ತಳ್ಳಿ ನಿಮಿಷಗಳಲ್ಲಿ ಉದುರಿಸಿಬಿಡುತ್ತೆ, ಮಳೆಕೋಟು ಕೊಡವಿದ ಹಾಗೆ, ಮೈಕ್ರೋಸ್ಕೋಪಲ್ಲಿ ಹೊಳೆಯೋ ಬಣ್ಣ ಕಟ್ಟಿದ ಆಂಟಿಬಾಡಿ ಹಾಕಿ ನೋಡಿದ್ರೆ ಆ ಹೊಳಪು ಸುತ್ತಲಿಂದ ಸರಿದು ಬಾಲಕ್ಕೆ ಬಂದು ಕಳಚಿಕೊಳ್ಳೋದು ಕಾಣುತ್ತೆ. 2014ರಲ್ಲಿ ಪೆಟ್ರಿ ಲ್ಯಾಬಿನ ಕೇಟಿ ರಾಲ್ಸ್ಟನ್ ತೋರಿಸಿದ್ದು ಇನ್ನೂ ಮಜಾ, ಅಮೀಬಾ ನಮ್ಮ ಜೀವಂತ ಕೋಶಗಳನ್ನ ಇಡಿಯಾಗಿ ನುಂಗದೆ ಚೂರು ಚೂರೇ ಕಚ್ಚಿ ತಿನ್ನುತ್ತೆ, ಕಚ್ಚಿಸಿಕೊಂಡ ಕೋಶ ಸಾಯುತ್ತೆ. ಆಮೇಲೆ 2019ರಲ್ಲಿ ಗೊತ್ತಾಯ್ತು, ಹಾಗೆ ಕಚ್ಚಿದ ಕೋಶದ ಹೊರಪದರದ ಪ್ರೋಟೀನ್‌ಗಳನ್ನ ತನ್ನ ಮೈಗೆ ಹೊದ್ದುಕೊಂಡು ರಕ್ತದ ದಾಳಿಯಿಂದ ತಪ್ಪಿಸಿಕೊಳ್ಳುತ್ತೆ ಅಂತ. ನಮ್ಮದೇ ಯೂನಿಫಾರ್ಮ್ ಹಾಕ್ಕೊಂಡು ನಮ್ಮ ಗೇಟ್ ದಾಟೋದು. ಒಂದೇ ಒಂದು ಕೋಶ ಇರೋ ಪ್ರಾಣಿ ಇದು.

ಕೊನೆಗೆ ಪ್ರಶ್ನೆಗಳು. ಆಂಟಿಬಾಡಿ ಪಾಸಿಟಿವ್ ಬಂದ್ರೆ ಮಾತ್ರೆ ತಗೋಬೇಕಾ ಅಂದ್ರು. ಬರೀ ಆ ಕಾಗದ ನೋಡಿ ಅಲ್ಲ, ನೋವು ಜ್ವರ ಸ್ಕ್ಯಾನ್ ಎಲ್ಲ ಸೇರಿಸಿ ಡಾಕ್ಟರು ಹೇಳಬೇಕು. ಮತ್ತೆ ಮೆಟ್ರೋನಿಡಜೋಲ್ ಮಾಂಸದೊಳಗಿನದನ್ನ ಕೊಲ್ಲುತ್ತೆ, ಕರುಳಲ್ಲಿ ಉಳಿದ ಸಿಸ್ಟುಗಳಿಗೆ ಅದೊಂದೇ ಸಾಲದು, ಡೈಲೋಕ್ಸನೈಡ್ ತರದ್ದು ಇನ್ನೊಂದು ಬೇಕು, ಇದನ್ನ ಅರ್ಧ ಜನ ಮರೀತಾರೆ. ಹೆಂಡ ಕುಡಿಯೋರಿಗೇ ಯಾಕೆ ಲಿವರ್ ಬಾವು ಜಾಸ್ತಿ ಅಂತ ಒಬ್ಬರು ಕೇಳಿದ್ರು. ನಮ್ಮ ದೇಶದ ಹಲವು ಆಸ್ಪತ್ರೆಗಳ ಲೆಕ್ಕದಲ್ಲಿ ಸೇಂದಿ, ಹೆಂಡ ಕುಡಿಯೋ ನಡುವಯಸ್ಸಿನ ಗಂಡಸರೇ ಹೆಚ್ಚು, ಹೆಂಗಸರಿಗಿಂತ ಗಂಡಸರಿಗೆ ಹಲವು ಪಟ್ಟು ಜಾಸ್ತಿ ಅನ್ನೋದಂತೂ ಪ್ರಪಂಚದ ಎಲ್ಲ ಕಡೆ ಕಂಡಿರೋದು. ಲಸಿಕೆ ಇದ್ಯಾ ಅಂದ್ರು, ಮನುಷ್ಯರಿಗೆ ಇನ್ನೂ ಇಲ್ಲ, ಪ್ರಾಣಿಗಳಲ್ಲಿ ಲೆಕ್ಟಿನ್ ಇಟ್ಕೊಂಡು ಪ್ರಯತ್ನ ನಡೆದಿದೆ. ಪರಂಗಿ ತಿಂದ್ರೆ ಮೈಯಲ್ಲಿರೋ ಆಂಟಿಬಾಡಿ ಎಲ್ಲ ಕತ್ತರಿಸಿ ಹೋಗುತ್ತಾ ಅಂತ ಯಾರೋ ಕೇಳಿ ಇಡೀ ಹಾಲ್ ನಕ್ಕಿತು, ಇಲ್ಲ, ತಿಂದ ಪಪೈನ್ ಕೂಡ ಹೊಟ್ಟೇಲಿ ಜೀರ್ಣ ಆಗುತ್ತೆ, ಆರಾಮಾಗಿ ತಿನ್ನಿ ಅಂದೆ.

ಎಲ್ಲರೂ ಎದ್ದು ಟೀ ಕಡೆ ಹೋದ್ಮೇಲೆ ಆ ಎರಡು ಕೈ ಎತ್ತಿದ ಅಜ್ಜ ಹತ್ರ ಬಂದ್ರು. ಜೇಬಿಂದ ನಾಲ್ಕು ಮಡಿಕೆ ಹಾಕಿದ ಹಳದಿ ಕಾಗದ ತೆಗೆದ್ರು, ವಿಷಯ ಗೊತ್ತಿದ್ದರಿಂದ ಮನೆಯಿಂದಲೇ ತಂದಿದ್ರು. 1986ರ ಸ್ಟೂಲ್ ರಿಪೋರ್ಟ್, ಹಿಸ್ಟೋಲಿಟಿಕಾ ಸಿಸ್ಟ್, ಮುಂದೆ ಎರಡು ಪ್ಲಸ್ಸು. ಆ ವರ್ಷ ಡಿಸ್ಪಾರ್ ಬೇರೆ ಅಂತ ಯಾವ ಲ್ಯಾಬೂ ಬರೀತಿರಲಿಲ್ಲ, ಈ ಪ್ಲಸ್ಸು ಯಾವುದರದ್ದು ಅಂತ ಇವತ್ತು ಯಾರೂ ಹೇಳೋಕಾಗಲ್ಲ ಸಾರ್, ಪಾಪದ್ದೇ ಇದ್ದಿರಬಹುದು ಅಂದೆ. ಅವರು ಕಾಗದ ಮತ್ತೆ ಮಡಿಸಿದ್ರು, ಅದೇ ಹಳೇ ಮಡಿಕೆ ಮೇಲೆ, ನಿಧಾನಕ್ಕೆ. ಆಮೇಲೆ ಟೀ ಟೇಬಲ್ ಕಡೆ ನೋಡಿ ಕೇಳಿದ್ರು, "ಇದರ ದೆಸೆಯಿಂದ ಅವತ್ತಿಂದ ಕಾಫಿ ಬಿಟ್ಟಿದೀನಲ್ಲ, ಅಲ್ಲಿ ಕಾಫಿನೂ ಇದ್ಯಾ?"